ಗಿಡಗಳನ್ನು ಮರೆತರೆ ಕಥೆ ಅರ್ಧವೇ

ಡೈನೋಸಾರ್‌ಗಳು ಅಳಿದ ಕೂಡಲೇ ಸಸ್ತನಿಗಳು ದೈತ್ಯವಾಗಿ ಬೆಳೆದವು ಎಂದು ಸಸ್ತನಿಗಳ ಬಗೆಗಿನ ಲೇಖನಮಾಲೆಯ ಈ ಕಂತಿನಲ್ಲಿದೆ; ಗಿಡಗಳ ಮಾತೇ ಇಲ್ಲ. ಆದರೆ ಅವು ತಿಂದದ್ದೇನು? ಡೈನೋಸಾರ್‌ಗಳು ಅಳಿದ ನಂತರದ ಈ ಪೇಲಿಯೋಸೀನ್ ಕಾಲದ ಬಗ್ಗೆ ಬರೆಯುವಾಗ ಗಿಡಮರಗಳನ್ನು ಬಿಟ್ಟುಬಿಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಅಮೆರಿಕದ ಕೊಲೊರಾಡೊದಲ್ಲಿರುವ ಕೊರಲ್ ಬ್ಲಫ್ಸ್ ಎಂಬ ಜಾಗವನ್ನೇ ನೋಡಿ. ಅಲ್ಲಿ ಬಹುಕಾಲ ಎಲ್ಲರೂ ಬಿಡಿ ಮೂಳೆಗಳನ್ನೇ ಹುಡುಕುತ್ತಿದ್ದರು. ಪಳೆಯುಳಿಕೆ ತಜ್ಞ ಟೈಲರ್ ಲೈಸನ್ ಉಂಡೆಯಂಥ ಕಲ್ಲುಗಳನ್ನು ಒಡೆದು ನೋಡಿದರು. ಒಳಗೆ ಸಸ್ತನಿಗಳ ತಲೆಬುರುಡೆಗಳಿದ್ದವು! 2019ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದ ಪ್ರಕಾರ, ಡೈನೋಸಾರ್‌ಗಳನ್ನು ಅಳಿಸಿದ 6.6 ಕೋಟಿ ವರ್ಷಗಳ ಹಿಂದಿನ ವಿನಾಶದ ನಂತರ ಮೊದಲು ನೆಲವನ್ನು ಆವರಿಸಿದ್ದು ಜರೀಗಿಡಗಳು, ಆಮೇಲೆ ತಾಳೆ ಜಾತಿಯ ಮರಗಳು. ಆಗ ಉಳಿದಿದ್ದ ಸಸ್ತನಿಗಳು ಹೆಚ್ಚೆಂದರೆ ಇಲಿ, ಹೆಗ್ಗಣಗಳಷ್ಟು ದೊಡ್ಡವು. ಸುಮಾರು 3 ಲಕ್ಷ ವರ್ಷಗಳಲ್ಲಿ ಅಕ್ರೋಟು ಕುಟುಂಬದ ಮರಗಳು ಹೆಚ್ಚಿದವು, ಪ್ರಾಣಿಗಳ ತೂಕವೂ ಏರಿತು. 7 ಲಕ್ಷ ವರ್ಷಗಳ ಹೊತ್ತಿಗೆ ನಮ್ಮ ಅವರೆ, ಹುಣಸೆಗಳ ಕುಟುಂಬದ ಕಾಯಿಗಳು ಕಲ್ಲಿನ ಪದರದಲ್ಲಿ ಕಾಣಿಸುತ್ತವೆ, ಅದೇ ಪದರದಲ್ಲಿ ಸುಮಾರು 50 ಕಿಲೋ ತೂಗುವ ಸಸ್ತನಿಗಳೂ. ಪ್ರೋಟೀನ್ ತುಂಬಿದ ಆಹಾರವೇ ಈ ಬೆಳವಣಿಗೆಗೆ ನೆರವಾಗಿರಬಹುದು ಎಂಬುದು ಸಂಶೋಧಕರ ಊಹೆ.

ಲೇಖಕರು ಮುಂದಿನ ಕಂತಿನಲ್ಲಾದರೂ ಈ ಕಾಯಿಗಳ ಚಿತ್ರವೊಂದನ್ನು ಹಾಕಲಿ.