ಕಿವಿ ಮಿಷನ್ ಹಂಚಿ ಕೈತೊಳೆದುಕೊಳ್ಳುವವರಿಗೆ

ಮತ್ತೊಂದು ತಾಲೂಕು, ಮತ್ತೊಂದು ‘ಉಚಿತ ಶ್ರವಣ ಸಾಧನ ವಿತರಣಾ ಶಿಬಿರ’. ಶಾಮಿಯಾನ, ಹಾರ, ಫೋಟೊ. ಕಿವಿ ಕೇಳದವರನ್ನು ಸಾಲಾಗಿ ಕೂರಿಸಿ ಗಂಟೆಗಟ್ಟಲೆ ಭಾಷಣ. ಸನ್ನೆ ಭಾಷೆಯಲ್ಲಿ ಹೇಳುವವರಿಲ್ಲ, ಪರದೆಯ ಮೇಲೆ ಒಂದು ಸಾಲು ಬರಹವಿಲ್ಲ. ಕೊನೆಗೆ ಹೆಸರು ಕೂಗುವುದೂ ಮೈಕಿನಲ್ಲೇ! ಪೆಟ್ಟಿಗೆ ಕೈಗೆ ಕೊಟ್ಟರೆ ಕೆಲಸ ಮುಗಿಯಿತು ಅಂದುಕೊಂಡಿದ್ದೀರಿ. ಕೆಲಸ ಶುರುವಾಗುವುದೇ ಅಲ್ಲಿಂದ.

ಮೊದಲು ಪರೀಕ್ಷೆ. ಸಮುದಾಯ ಭವನದ ಮೂಲೆಯಲ್ಲಿ ಒಂದು ಟೇಬಲ್, ತಲೆ ಮೇಲೆ ಗರಗರ ತಿರುಗುವ ಫ್ಯಾನು, ಪಕ್ಕದಲ್ಲೇ ಊಟದ ಸಾಲು. ಅಂಥ ಗಲಾಟೆಯಲ್ಲಿ 250, 500 ಹರ್ಟ್ಸ್‌ನ ದನಿಗಳು ಮುಚ್ಚಿಹೋಗಿ, ಇರುವುದಕ್ಕಿಂತ ಹೆಚ್ಚಿನ ದೋಷ ಕಾಗದದ ಮೇಲೆ ಬೀಳುತ್ತದೆ. ಬೆಳಕು ಹಾಯಿಸಿ ಕಿವಿಯೊಳಗೆ ನೋಡುವುದು ಒಂದು ನಿಮಿಷದ ಕೆಲಸ. ಅದನ್ನೂ ಬಿಟ್ಟು ಗುಗ್ಗೆ ಗಟ್ಟಿಯಾದ ಕಿವಿಗೂ ಮಿಷನ್, ಕೀವು ಸೋರುವ ಕಿವಿಗೂ ಮಿಷನ್. ಸೋರುವ ಕಿವಿಗೆ ಮೊದಲು ಬೇಕಾದ್ದು ಇಎನ್‌ಟಿ ಡಾಕ್ಟರು.

ಆಮೇಲೆ ಮೋಲ್ಡ್, ಅಂದರೆ ಮಿಷನ್ನಿನ ಸದ್ದನ್ನು ಕಿವಿಯೊಳಗೆ ಬಿಡುವ, ಕಿವಿಗೆ ಬಿಗಿಯಾಗಿ ಕೂರುವ ತುಂಡು. ನಿಜವಾಗಿ ಹೊಟ್ಟೆ ಉರಿಯುವುದು ಇಲ್ಲಿ. ಕಿವಿ ಹಿಂದೆ ಕೂರುವ ಶಕ್ತಿಶಾಲಿ ಮಿಷನ್ನಿಗೆ ಆಯಾ ಕಿವಿಯ ಅಚ್ಚು ತೆಗೆದೇ ಮೋಲ್ಡ್ ಮಾಡಿಸಬೇಕು. ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಕಿವಿಯ ಎರಡನೇ ತಿರುವು ದಾಟಿಸಿ ಕೂರಿಸಿ, ಅಚ್ಚಿನ ವಸ್ತುವನ್ನು ಸಿರಿಂಜಿನಲ್ಲಿ ತುಂಬಿ, ಗಟ್ಟಿಯಾಗುವ ತನಕ ಕಾದು, ನಿಧಾನಕ್ಕೆ ತಿರುಗಿಸಿ ತೆಗೆಯಬೇಕು. ಅದು ಲ್ಯಾಬಿಗೆ ಹೋಗಿ ಬರಬೇಕು, ಕೂರಿಸಿ ನೋಡಬೇಕು. ಒಂದೇ ದಿನದ ಶಿಬಿರದಲ್ಲಿ ಇದಕ್ಕೆ ಪುರುಸೊತ್ತೆಲ್ಲಿ? ಸಣ್ಣ, ಮಧ್ಯಮ, ದೊಡ್ಡದು ಅಂತ ಮೂರು ರಬ್ಬರ್ ತುದಿ ಪೆಟ್ಟಿಗೆಯಲ್ಲಿ ಹಾಕಿ ಕೊಡುತ್ತೀರಿ. ಸಂದಿಯಿಂದ ಸೋರಿದ ಸದ್ದು ಮತ್ತೆ ಮಿಷನ್ನಿನ ಮೈಕಿಗೆ ಹೊಕ್ಕು ‘ಕುಂಯ್’ ಅಂತ ಕೂಗುತ್ತದೆ. ಮನೆಯವರು ‘ಅದನ್ನ ತೆಗೆದಿಡಿ’ ಅನ್ನುತ್ತಾರೆ. ಅಜ್ಜ ವಾಲ್ಯೂಮ್ ಇಳಿಸುತ್ತಾರೆ, ಆಗ ಮಾತೇ ಕೇಳದು. ಮಿಷನ್ ಬೀರು ಸೇರುತ್ತದೆ. ಇನ್ನು ಮಕ್ಕಳ ಕಿವಿ ಬೆಳೆಯುತ್ತಲೇ ಇರುತ್ತದೆ, ಕೆಲವೇ ತಿಂಗಳಿಗೆ ಮೋಲ್ಡ್ ಸಡಿಲ. ಹೊಸದು ಯಾರು ಮಾಡಿಸಿಕೊಡುತ್ತಾರೆ?

ಡಿಜಿಟಲ್ ಮಿಷನ್ ಅನ್ನುತ್ತೀರಿ. ಆಡಿಯೋಗ್ರಾಂ (ಯಾವ ದನಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆಯ ನಕ್ಷೆ) ನೋಡಿ ಕಂಪ್ಯೂಟರಿಗೆ ಜೋಡಿಸಿ ಪ್ರೋಗ್ರಾಂ ಮಾಡದೆ ಕೊಟ್ಟರೆ ಡಿಜಿಟಲ್ ಆಗಿ ಏನು ಬಂತು? ಪಾತ್ರೆ ಬಿದ್ದರೆ ತಲೆ ಸಿಡಿಯುತ್ತದೆ, ಎದುರಿಗಿದ್ದವರ ಮಾತು ಮಾತ್ರ ಕಲಸಿಹೋಗುತ್ತದೆ.

ಸೆಲ್ಲಿನ ಕಥೆ ಕೇಳಿ. ಒಂದು ಪಟ್ಟಿಯಲ್ಲಿ ಆರು ಸೆಲ್, ಬೆನ್ನಿಗೆ ಬಣ್ಣದ ಸ್ಟಿಕ್ಕರ್: 13 ನಂಬರಿನ ಅಳತೆಗೆ ಕಿತ್ತಳೆ, 675ಕ್ಕೆ ನೀಲಿ. ಸ್ಟಿಕ್ಕರ್ ಕಿತ್ತರೆ ಗಾಳಿ ಒಳಹೋಗಿ ಸೆಲ್ ಶುರುವಾಗುತ್ತದೆ. ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ. ಹೀಗಾಗಿ ಬೇಕಾದಾಗ ಒಂದನ್ನೇ ಕೀಳಬೇಕು, ಕಿತ್ತು ಮೂರ್ನಾಲ್ಕು ನಿಮಿಷ ಬಿಟ್ಟು ಹಾಕಬೇಕು. ಇದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಕೊಡಲೂ ನಿಮಗೆ ಆಗಲಿಲ್ಲ. ಮೊದಲ ದಿನವೇ ಆರೂ ಸ್ಟಿಕ್ಕರ್ ಕಿತ್ತವರು ಎಷ್ಟೋ ಜನ. ಸರಿಯಾಗಿ ಬಳಸಿದರೂ ಒಂದು ಪಟ್ಟಿ ಎರಡು-ಮೂರು ತಿಂಗಳು. ಆಮೇಲೆ ಊರಿನ ವಾಚ್ ಅಂಗಡಿಯೇ ಗತಿ. ಅಲ್ಲಿ ಸಿಗುವ ಎಲ್‌ಆರ್ 44 ಸೆಲ್, 675ರ ಅಳತೆಯದೇ ಆದ್ದರಿಂದ ಸಲೀಸಾಗಿ ಕೂರುತ್ತದೆ. ಆದರೆ ಅದು ಬೇರೆ ಜಾತಿಯ ಸೆಲ್, ಬೇಗ ಸಾಯುತ್ತದೆ. ‘ಸರ್ಕಾರ ಕೊಟ್ಟ ಮಿಷನ್ ಸರಿಯಿಲ್ಲ’ ಅಂತ ಜನ ಬಿಟ್ಟುಬಿಡುತ್ತಾರೆ.

ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಒಮ್ಮೆ ಪಡೆದವರು ಮೂರು ವರ್ಷ ಮತ್ತೆ ಕೇಳುವಂತಿಲ್ಲ. ಸಣ್ಣ ಮಕ್ಕಳಿಗೆ ಮಾತ್ರ ಒಂದು ವರ್ಷ. ಅಂದರೆ ನಿಮ್ಮ ಅರೆಬರೆ ಕೆಲಸಕ್ಕೆ ಮೂರು ವರ್ಷದ ಶಿಕ್ಷೆ ಅವರಿಗೆ. ಇನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಗೆ ಕನಿಷ್ಠ 60 ಡೆಸಿಬೆಲ್ ದೋಷ ಇದ್ದರೆ ಮಾತ್ರ ಅಂಗವೈಕಲ್ಯ. 55 ಇರುವ ಹುಡುಗಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಏನೂ ಕೇಳಿಸದೆ ಕೂತಿದ್ದರೂ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿಲ್ಲ.

‘ತೊಂದರೆ ಇದ್ದರೆ ಮೈಸೂರಿಗೆ ಹೋಗಿ’ ಅನ್ನುವುದು ಸುಲಭ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ದೊಡ್ಡದೇ, ಆದರೆ ಬೀದರಿನ ಕೂಲಿಯವರು ಮಿಷನ್ನಿಗೂ ಮೋಲ್ಡಿಗೂ ನಡುವಿನ, ಬೆಂಡಾದ ಒಂದು ಟ್ಯೂಬಿಗಾಗಿ ರಾಜ್ಯದ ಆ ತುದಿಯಿಂದ ಈ ತುದಿಗೆ ಬರಬೇಕೇ? ಟ್ಯೂಬ್ ಹಳದಿಯಾಗಿ ಗಟ್ಟಿಯಾಗುವುದು ಸಹಜ, ಆರು ತಿಂಗಳಿಗೊಮ್ಮೆಯಾದರೂ ಬದಲಿಸಲೇಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದರೊಳಗೆ ನೀರಹನಿ ಕಟ್ಟಿ ಸದ್ದೇ ನಿಲ್ಲುತ್ತದೆ. ಊದಿ ತೆಗೆದು, ರಾತ್ರಿ ಸೆಲ್ಲಿನ ಬಾಗಿಲು ತೆರೆದು ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ.

ಇಷ್ಟನ್ನು ಮಾಡಲು ಊರಲ್ಲೇ ಜನ ಇದ್ದಾರೆ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು. ಪುಡಿಗಾಸು ಗೌರವಧನ ಕೊಟ್ಟು ಅವರನ್ನು ಅರ್ಜಿ ತುಂಬಿಸಲು ಮಾತ್ರ ಓಡಾಡಿಸುತ್ತೀರಿ. ಟ್ಯೂಬ್ ಬದಲಿಸುವುದು, ಗುಗ್ಗೆ ಹಿಡಿದ ಮೋಲ್ಡ್ ಬಿಚ್ಚಿ ತೊಳೆದು ಒಣಗಿಸುವುದು, ಸೆಲ್ ಹಾಕುವುದು ಕಲಿಸಿ. ಪಂಚಾಯಿತಿಯ ಶೇ 5ರ ವಿಕಲಚೇತನರ ಹಣದಲ್ಲಿ ಸೆಲ್ಲು, ಟ್ಯೂಬು ತರಿಸಿಡಿ. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ತಿಂಗಳಿಗೊಂದು ನಿಗದಿತ ದಿನ ತಾಲೂಕು ಆಸ್ಪತ್ರೆಗೆ ಬಂದು ಅಚ್ಚು ತೆಗೆಯಲಿ, ಪ್ರೋಗ್ರಾಂ ತಿದ್ದಲಿ. ಆ ದಿನ ಯಾವುದು ಅಂತ ಪೆಟ್ಟಿಗೆ ಮೇಲೆ ದೊಡ್ಡಕ್ಷರದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಮುಂದಿನ ಶಿಬಿರಕ್ಕೆ ಶಾಮಿಯಾನ ಹಾಕಬೇಡಿ.