ಸತ್ಯಾಂಶ: ಯುದ್ಧ ವಿಮಾನಕ್ಕೆ ಕಣ್ಣಾಗಿದ್ದು ಕ್ಯಾರೆಟ್ ಅಲ್ಲ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಕ್ಯಾರೆಟ್ ತಿಂದೇ ಕತ್ತಲಲ್ಲಿ ಶತ್ರು ವಿಮಾನ ಹುಡುಕಿದರು ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಮಕ್ಕಳಿಗೆ ತರಕಾರಿ ತಿನ್ನಿಸೋಕೆ ಅಂತ ಒಳ್ಳೇ ಮನಸ್ಸಿಂದಲೇ ಎಷ್ಟೋ ಜನ ಕಳಿಸುತ್ತಾರೆ. ಆದರೆ ಅದು ನಿಜವಲ್ಲ.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಮಿಡಲ್ ವಾಲಪ್ ಅಂತ ಒಂದು ವಾಯುನೆಲೆ ಇದೆ. 1940ರಲ್ಲಿ ಶುರುವಾಯಿತು, ಸೇನೆ ಇಂದಿಗೂ ಬಳಸುತ್ತಿದೆ. ಅದೇ ವರ್ಷ ನವೆಂಬರಿನ ಒಂದು ರಾತ್ರಿ ಅಲ್ಲಿನ ಬ್ಯೂಫೈಟರ್ ಅನ್ನೋ ಯುದ್ಧ ವಿಮಾನ ಒಂದು ಜರ್ಮನ್ ಬಾಂಬರನ್ನು ಹೊಡೆದುರುಳಿಸಿತು. ಬ್ಯೂಫೈಟರ್‌ನಲ್ಲಿ ಇದ್ದವರು ಇಬ್ಬರು. ಹಿಂದೆ ಕೂತವನ ಮುಂದೆ ಎರಡು ಪುಟ್ಟ ರಾಡಾರ್ ಪರದೆಗಳು. ಅವುಗಳ ಮೇಲಿನ ಬೆಳಕಿನ ಗುರುತು ನೋಡಿ ‘ಎಡಕ್ಕೆ, ಸ್ವಲ್ಪ ಮೇಲಕ್ಕೆ’ ಅಂತ ಅವನು ದಾರಿ ಹೇಳಬೇಕು, ಪೈಲಟ್ ಹಾಗೇ ತಿರುಗಿಸಬೇಕು. ಎಂಥ ನಂಬಿಕೆ ಬೇಕಲ್ವಾ! ರಾಡಾರ್ ಗುಟ್ಟಾಗಿತ್ತು, ಹಾಗಾಗಿ ಹೆಸರು ಕ್ಯಾರೆಟ್‌ಗೆ ಬಂತು.

ಕ್ಯಾರೆಟ್‌ನಿಂದ ಸಿಗುವ ವಿಟಮಿನ್ ಎ ಕೊರತೆಯಾದರೆ ಇರುಳುಗಣ್ಣು ಬರುತ್ತದೆ, ಅದು ನಿಜ. ಕೊರತೆ ಇಲ್ಲದವರು ಜಾಸ್ತಿ ತಿಂದರೆ ಬೆಕ್ಕಿನ ಕಣ್ಣೇನೂ ಬರಲ್ಲ.

ಇಂಥ ಮೆಸೇಜ್ ಬಂದಾಗ ಅದರಲ್ಲಿ ಊರು, ವರ್ಷ, ವಿಮಾನದ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ನೀವೇ ಹುಡುಕಿ. ಆಗಿನ ಸ್ಕ್ವಾಡ್ರನ್‌ಗಳ (ವಾಯುಪಡೆಯ ತುಕಡಿಗಳ) ದಿನಚರಿ ಬ್ರಿಟನ್ನಿನ ಸರ್ಕಾರಿ ದಾಖಲೆಗಳಲ್ಲಿ ಉಳಿದಿದೆ. ವಿಮಾನದಲ್ಲಿ ಎರಡನೆಯವನು ಯಾಕಿದ್ದ ಅಂತ ಕೇಳಿದರೂ ಸಾಕು, ರಾಡಾರ್ ಕಥೆ ಸಿಗುತ್ತದೆ.