ಸತ್ಯಾಂಶ: ಹೊಟ್ಟೆನೋವಿಗೆ ‘ಬಟ್ಟಿ ಬಿದ್ದಿರೋದು’ ಕಾರಣವಲ್ಲ

ದಿಢೀರನೆ ಹೊಟ್ಟೆ ಹಿಂಡಿದರೆ ಬಟ್ಟಿ ಬಿದ್ದಿದೆ, ಹೊಕ್ಕುಳ ಜಾರಿದೆ, ಎಣ್ಣೆ ಹಚ್ಚಿ ತಿಕ್ಕಿದರೆ ಸಾಕು ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರದು ಒಳ್ಳೆಯ ಮನಸ್ಸೇ. ಎಷ್ಟೋ ಮನೆಗಳಲ್ಲಿ ಅಜ್ಜಿಯರು ಹೇಳಿಕೊಟ್ಟ ಮಾತಿದು.

ಆದರೆ ಹೊಕ್ಕುಳ ಜಾರುವುದಿಲ್ಲ. ಅದು ಹುಟ್ಟಿದಾಗ ಕರುಳಬಳ್ಳಿ ಕತ್ತರಿಸಿದ ಜಾಗದ ಗುರುತು. ಬಟ್ಟಿ ನೋಡುವವರು ಅಲ್ಲಿ ಬೆರಳಿಟ್ಟಾಗ ಸಿಗುವ ಮಿಡಿತ ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳದ್ದು. ನೀವೇ ನೋಡಬಹುದು. ನೋವಿಲ್ಲದ ದಿನ ಖಾಲಿ ಹೊಟ್ಟೆಯಲ್ಲಿ ಅಂಗಾತ ಮಲಗಿ, ಹೊಕ್ಕುಳದ ಸ್ವಲ್ಪ ಮೇಲೆ ಮೆಲ್ಲಗೆ ಒತ್ತಿ. ತೆಳ್ಳಗಿರುವವರಿಗೆ ಅಲ್ಲೇ ಮಿಡಿತ ಸಿಗುತ್ತದೆ. ಅದು ಕಾಯಿಲೆಯಲ್ಲ.

ತಿಕ್ಕಿದ ಮೇಲೆ ನೋವು ಕಮ್ಮಿಯಾಯ್ತಲ್ಲ ಅಂತೀರಾ? ಗ್ಯಾಸ್, ಭೇದಿಯ ನೋವು ಹೆಚ್ಚಿನ ಸಲ ತಾನಾಗೇ ಇಳಿಯುತ್ತದೆ.

ನನಗೆ ಜಾಸ್ತಿ ಚಿಂತೆ ಅಪೆಂಡಿಕ್ಸ್‌ನದ್ದು. ಅದರ ನೋವು ಸಾಮಾನ್ಯವಾಗಿ ಹೊಕ್ಕುಳದ ಸುತ್ತಲೇ ಶುರುವಾಗುತ್ತದೆ. ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ತಿಕ್ಕುತ್ತಾ ಕೂತರೆ ಹೊತ್ತು ಹೋಗುತ್ತದೆ, ಒಳಗೆ ಅದು ಒಡೆಯಲೂಬಹುದು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವಾದರೆ ಕಿಡ್ನಿ ಕಲ್ಲಿರಬಹುದು. ಬಲ ಪಕ್ಕೆಲುಬಿನ ಕೆಳಗಾದರೆ ಪಿತ್ತಕೋಶದ ಕಲ್ಲು.

ಇಂಥ ಮೆಸೇಜ್ ಬಂದಾಗ, ಯಾವಾಗ ಆಸ್ಪತ್ರೆಗೆ ಹೋಗಬೇಕು ಅಂತ ಅದರಲ್ಲಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಕೇಳಿ. ತೀವ್ರ ನೋವಿನ ಜೊತೆ ಹೊಟ್ಟೆ ಗಟ್ಟಿಯಾದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಮುಟ್ಟು ತಪ್ಪಿದವರಿಗೆ ಕೆಳಹೊಟ್ಟೆ ನೋವು ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.